ಜೊತೆಗೆ ಪ್ರಯಾಣಿಸದ ಪೋಷಕ

ಹಲ್ಲಿನ ಡಾಕ್ಟರ ಬೋರ್ಡಿನ ಕೊನೆಯ ಅಕ್ಷರಕ್ಕೆ ನೀಲಿ ತುಂಬುತ್ತಿದ್ದಾಗ, ಇನ್ನು ಸ್ವಲ್ಪ ಹೊತ್ತಿಗೆ ನೋಟರಿಯ ಎದುರು ಕೂರುವಾಗ ಯಾವ ಮುಖ ಇಟ್ಟುಕೊಳ್ಳುವುದು ಎಂಬ ಯೋಚನೆ ಅವನನ್ನು ಹಿಡಿದುಕೊಂಡಿತು. ನೊಂದ ಮುಖ ಹೊಂದುತ್ತದೆಯೇ? ನೊಂದ ಮುಖ ಅವನಿಗೆ ಸಲೀಸು. ಆದರೆ ಅದನ್ನು ಹೆಂಡತಿ ಎಷ್ಟೋ ಸಲ ನೋಡಿ ಆಕಳಿಸಿದ್ದಳು. ಈಗ ಅವಳು ಹೆಂಡತಿಯೂ ಅಲ್ಲ, ಬೇರೆಯಾಗಿ ಕೆಲವು ವರ್ಷಗಳೇ ಆಗಿದ್ದವು. ಆದರೂ ಅವಳನ್ನು ಮನಸ್ಸಿನಲ್ಲಿ ಕರೆಯಲು ಬೇರೆ ಶಬ್ದವೊಂದು ಅವನಿಗೆ ಇನ್ನೂ ಸಿಕ್ಕಿರಲಿಲ್ಲ. ಕ್ಷಮಿಸಿದ ಮುಖವೂ ಒಳ್ಳೆಯದೇ, ಆದರೆ ಯಾರನ್ನು ಯಾತಕ್ಕೆ ಕ್ಷಮಿಸಿದೆ ಎಂದು ಯಾರಾದರೂ ಕೇಳಿಬಿಟ್ಟರೆ ಹೇಳುವುದಕ್ಕೆ ಏನೂ ಇರಲಿಲ್ಲ. ಕೆಲಸದ ಗಡಿಬಿಡಿಯಲ್ಲೂ ಹೇಗೋ ಬಿಡುವು ಮಾಡಿಕೊಂಡು ಬಂದ ದೊಡ್ಡ ಮನುಷ್ಯನ ಮುಖವೇ ಸರಿ ಎಂದು ತೀರ್ಮಾನಿಸಿ ಕಿಟಕಿಯ ಗಾಜಿನಲ್ಲಿ ಅದನ್ನೊಮ್ಮೆ ಹಾಕಿ ನೋಡಿದ. ಗಾಜಿನಲ್ಲಿ ಕಂಡವನು ಮೂಗಿನ ತುದಿಗೆ ನೀಲಿ ಬಣ್ಣ ಮೆತ್ತಿಕೊಂಡ, ಅಂಗಿಯ ಗುಂಡಿಯನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡ ನಡುವಯಸ್ಸಿನವನು. ಟರ್ಪೆಂಟೈನಿನ ಬಟ್ಟೆಯಿಂದ ಮೂಗು ಉಜ್ಜಿಕೊಂಡ. ನೀಲಿ ಹೋಗಿ ಕೆಂಪು ಬಂತು.

ಸಂಗತಿ ದೊಡ್ಡದೇನಲ್ಲ. ಮಗಳನ್ನು ಕರೆದುಕೊಂಡು ಅವಳ ಅಮ್ಮ ರಜೆಗೆ ಹೊರದೇಶದಲ್ಲಿದ್ದ ತನ್ನ ಅಕ್ಕನ ಮನೆಗೆ ಹೊರಟಿದ್ದಳು. ತಂದೆತಾಯಿಯಲ್ಲಿ ಒಬ್ಬರ ಜೊತೆ ಮಾತ್ರ ಮಗು ದೇಶ ಬಿಟ್ಟು ಹೋಗುವಾಗ, ಹಿಂದೆ ಉಳಿದವರು 'ನನ್ನ ಒಪ್ಪಿಗೆಯಿದೆ' ಎಂದು ನೋಟರಿಯ ಮುಂದೆ ಸಹಿ ಮಾಡಿದ ಪತ್ರ ಕೈಯಲ್ಲಿರಬೇಕಂತೆ. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆದು ನಿಲ್ಲಿಸಬಹುದಂತೆ. ಪತ್ರವನ್ನು ಅವಳೇ ಖುದ್ದಾಗಿ ತಂದುಕೊಟ್ಟು, "ಓದಿ ನೋಡಿ. ಏನಾದ್ರೂ ಸೇರಿಸ್ಬೇಕು ಅಂದ್ರೆ ಸೇರಿಸಿ," ಎಂದಿದ್ದಳು. ಅವನು ಓದಿದ. ಮೊದಲ ಸಾಲಿನಲ್ಲೇ ಎಡವಿ ಬಿದ್ದ. 'ಕೆಳಗೆ ಸಹಿ ಮಾಡಿರುವ ನಾನು, ಮಗುವಿನ ಜೊತೆಗೆ ಪ್ರಯಾಣಿಸದ ಪೋಷಕ' ಎಂದಿತ್ತು. ತಂದೆ ಎಂದು ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಪ್ರಯಾಣಿಸದವನು. ಯೋಚಿಸಿದರೆ ಸುಳ್ಳೇನೂ ಅಲ್ಲ. ಮದುವೆಯಾದ ಹೊಸತರಲ್ಲಿ, ಒಂದ್ಸಲ ಸಮುದ್ರ ನೋಡ್ಕೊಂಡು ಬರೋಣ ರೀ, ಎಂದಿದ್ದಳು. ಆಗ ಒಂದು ಚಿತ್ರಮಂದಿರದ ಬೋರ್ಡು ಕೈಯಲ್ಲಿತ್ತು. ಅದು ಮುಗಿಯುವಷ್ಟರಲ್ಲಿ ಅವಳು ಸಮುದ್ರದ ಮಾತು ಬಿಟ್ಟಿದ್ದಳು. ಮಗಳ ಶಾಲೆಯ ಪ್ರವಾಸಕ್ಕೆ ಪೋಷಕರೂ ಬರಬಹುದು ಎಂದಾಗಲೂ ಅಷ್ಟೇ. ಆ ಬಸ್ಸಿನ ಪಕ್ಕಕ್ಕೆ ಶಾಲೆಯ ಹೆಸರು ಬರೆದುಕೊಟ್ಟವನು ಅವನೇ. ಬಸ್ಸು ಹೊರಟಾಗ ಹತ್ತದೆ ರಸ್ತೆಯಲ್ಲಿ ನಿಂತು, ಓಡುವ ಬಸ್ಸಿನಲ್ಲಿ ಅಕ್ಷರಗಳು ಹೇಗೆ ಕಾಣುತ್ತವೆ ಎಂದು ಕಣ್ಣು ಕಿರಿದು ಮಾಡಿಕೊಂಡು ನೋಡಿದವನೂ ಅವನೇ. ಮಗಳು ಕಿಟಕಿಯಿಂದ ಕೈ ಬೀಸಿದ್ದಳಂತೆ. ಅದನ್ನು ಅವನು ನೋಡಿರಲಿಲ್ಲ.

ಎಡವಿದ ಮೇಲೆ ಅವನ ಕಣ್ಣು ಓದುವುದನ್ನು ಬಿಟ್ಟು ಕಸುಬಿಗೆ ಇಳಿಯಿತು. ಸಾಲುಗಳ ನಡುವೆ ಗಾಳಿಯಾಡುವುದಕ್ಕೂ ಜಾಗವಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿನವರ ತಲೆಯ ಮೇಲೆ ಕಾಲಿಟ್ಟಿವೆ. ಎಡಗಡೆ ಅಂಚು ಒಂದು ಅಳತೆ, ಬಲಗಡೆ ಇನ್ನೊಂದು. ಮಗಳನ್ನು ಪರದೇಶಕ್ಕೆ ಕಳಿಸುವ ಪತ್ರ ಹೀಗಿರಬಹುದೇ? ಆ ಹಾಳೆಯನ್ನು ಟೈಪು ಮಾಡಿದವನನ್ನು ಮನಸ್ಸಿನಲ್ಲೇ ಎಳೆದು ತಂದು, ಚೆನ್ನಾಗಿ ಝಾಡಿಸಿ, ಪತ್ರವನ್ನು ಮಡಿಸಿ ಬಣ್ಣದ ಡಬ್ಬಗಳ ಹಿಂದೆ ಸಿಕ್ಕಿಸಿದ. ಉಳಿದ ಸಾಲುಗಳನ್ನು ಓದಲೇ ಇಲ್ಲ. ಓದಲಿಲ್ಲ ಎಂಬುದೂ ಅವನಿಗೆ ನೆನಪಿರಲಿಲ್ಲ. ಅಷ್ಟೊಂದು ದೋಷ ಕಂಡುಹಿಡಿದವನು ಓದದೆ ಇರುತ್ತಾನೆಯೇ ಎಂಬ ಧೈರ್ಯದಲ್ಲಿದ್ದ.

ನಿಜವಾಗಿ ಅವನು ಕಾಯುತ್ತಿದ್ದದ್ದು ಮಗಳು ಕೇಳಲಿ ಎಂದು. ಹನ್ನೆರಡು ವರ್ಷದ ಹುಡುಗಿ, ಒಂದು ವಾರ ಬಿಟ್ಟು ಒಂದು ಭಾನುವಾರ ಅವನ ಕೋಣೆಗೆ ಬಂದು, ಡಬ್ಬಗಳ ಮುಚ್ಚಳ ತೆಗೆದು, ಒಣಗಿದ ಬಣ್ಣದ ಕೆನೆಯನ್ನು ಕಡ್ಡಿಯಿಂದ ಎತ್ತುತ್ತಾ ಸಂಜೆಯ ತನಕ ಕೂರುತ್ತಿದ್ದಳು. ಅಪ್ಪಾ, ನನ್ನನ್ನ ಕಳಿಸ್ತೀಯಾ? ಎಂದು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಅದಕ್ಕೆ ಕೊಡಬೇಕಾದ ಉತ್ತರ ತಯಾರಾಗಿತ್ತು. ಮೊದಲು ಸ್ವಲ್ಪ ಮೌನ. ಆಮೇಲೆ ಕುಂಚವನ್ನು ಕೆಳಗಿಟ್ಟು, ಯೋಚಿಸಿ ಹೇಳ್ತೀನಿ ಮಗಾ, ಎನ್ನುವುದು. ಅವಳ ಮುಖ ಸಣ್ಣಗಾಗುತ್ತದೆ. ಆಗ ತಲೆ ಸವರಿ, ಹುಚ್ಚಿ, ನಿನಗೆ ನಾನು ಬೇಡ ಅಂತೀನಾ, ಎನ್ನುವುದು. ಎಷ್ಟು ಸಲ ಅಭ್ಯಾಸ ಮಾಡಿದ್ದನೆಂದರೆ, 'ಹುಚ್ಚಿ' ಎನ್ನುವ ಕಡೆ ಅವನ ಕೈ ತಾನಾಗಿಯೇ ಗಾಳಿಯಲ್ಲಿ ತಲೆ ಸವರುತ್ತಿತ್ತು. ಅವಳು ಮಾತ್ರ ಶಾಲೆಯಲ್ಲಿ ಯಾರೋ ಯಾರ ಜೊತೆಗೋ ಮಾತು ಬಿಟ್ಟದ್ದನ್ನು, ಯಾವುದೋ ಬೆಕ್ಕು ಪಕ್ಕದ ಮನೆಯ ತಾರಸಿಯಲ್ಲಿ ಮರಿ ಹಾಕಿದ್ದನ್ನು ಹೇಳಿ ಹೊರಟುಹೋಗುತ್ತಿದ್ದಳು. ಹೆದರಿಕೆ ಪಾಪ, ಎಂದುಕೊಂಡ. ಮುಂದಿನ ಸಲ ಹೆದರಿಕೆ ಕಾಣಲಿಲ್ಲ. ಬಿಗುಮಾನ, ಅಪ್ಪನ ಮಗಳಲ್ಲವೇ, ಎಂದುಕೊಂಡ. ಅವರಮ್ಮನೂ ಗೋಗರೆಯಲಿಲ್ಲ. 'ಬುಧವಾರ ಹನ್ನೊಂದಕ್ಕೆ ನೋಟರಿ ಆಫೀಸು. ಗುರುತಿನ ಚೀಟಿ ಮರೀಬೇಡಿ' ಎಂದು ಒಂದು ಮೆಸೇಜು, ಅಷ್ಟೇ. ವಿಮಾನ ಇದ್ದದ್ದು ಶುಕ್ರವಾರ. ಅಪ್ಪಣೆ ಕೊಡುವ ದೊರೆಯಾಗಿ ಇಷ್ಟು ವಾರ ಸಿಂಹಾಸನದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದವನ ಎದುರು ಒಂದು ನರಪಿಳ್ಳೆಯೂ ಬಂದು ಕೈಮುಗಿದಿರಲಿಲ್ಲ. ಬೆನ್ನು ನೋವು ಬಂದದ್ದೊಂದೇ ಲಾಭ.

ಆ ವಾರಗಳಲ್ಲಿ ಅವನು ಮಾಡಿದ ಒಂದೇ ಒಂದು ಕೆಲಸವೆಂದರೆ ಹೊಸ ಸಹಿಯೊಂದನ್ನು ಕಟ್ಟಿದ್ದು. ಬೋರ್ಡು ಬರೆಯುವವನ ಕೈಗೆ ಅದೊಂದು ರೋಗ. ಔಷಧದಂಗಡಿಗೆ ಬರೆದ ಅಕ್ಷರ ಬಳೆಯಂಗಡಿಗೆ ಆಗದು, ಬಳೆಯಂಗಡಿಯದು ಬ್ಯಾಂಕಿಗೆ ಆಗದು. ಪ್ರತಿಯೊಂದಕ್ಕೂ ಅದರದರ ಗತ್ತು ಬೇಕು. ಹೀಗೆ ಜೀವಮಾನವಿಡೀ ಬೇರೆಯವರ ಹೆಸರಿಗೆ ವೇಷ ತೊಡಿಸಿದವನಿಗೆ ತನ್ನ ಹೆಸರನ್ನು ಎರಡು ಸಲ ಒಂದೇ ಥರ ಬರೆಯುವುದೆಂದರೆ ಬೇಜಾರು. ಯೌವನದಲ್ಲಿ ಅವನ ಸಹಿಗೆ ಬಳ್ಳಿ ಸುತ್ತಿಕೊಂಡು ತುದಿಯಲ್ಲಿ ಒಂದು ಸುರುಳಿ ಬಿಡುತ್ತಿತ್ತು. ಮದುವೆಯ ಕಾಲಕ್ಕೆ ಬಳ್ಳಿ ಒಣಗಿ ಗೆರೆಯಾಯಿತು. ಬೇರೆಯಾಗುವ ಕಾಗದಕ್ಕೆ ಹಾಕಿದ್ದು ಓದಲಾಗದ ಒಂದು ಗೀಚು; ಅದರಲ್ಲಿ ನೋವಿದೆ ಎಂದು ಅವನೇ ಒಪ್ಪಿಕೊಂಡು ಅವನೇ ಮೆಚ್ಚಿಕೊಂಡಿದ್ದ. ಈಗ ಬೇಕಾಗಿದ್ದದ್ದು ತೂಕದ ಸಹಿ. ನೋಡಿದ ಕೂಡಲೇ ವಿಮಾನ ನಿಲ್ದಾಣದ ಅಧಿಕಾರಿ, ಓಹೋ, ಈ ಹುಡುಗಿಯ ಹಿಂದೆ ದೊಡ್ಡ ಮನುಷ್ಯನೊಬ್ಬನಿದ್ದಾನೆ, ಎನ್ನಬೇಕು. ಹಳೆಯ ಕ್ಯಾಲೆಂಡರುಗಳ ಬೆನ್ನಿನ ಮೇಲೆಲ್ಲ ಬರೆದು ಬರೆದು ಕೊನೆಗೂ ಅದು ಕೈಗೆ ಕೂತಿತ್ತು. ಮೊದಲಕ್ಷರ ಕಂಬದಂತೆ ನೇರ, ಉಳಿದವು ತಗ್ಗಿ ಬಗ್ಗಿ, ಕೆಳಗೊಂದು ಗಟ್ಟಿ ಗೆರೆ. ತಂದೆ ಎಂದರೆ ಹೀಗಿರಬೇಕು ಎನಿಸಿತ್ತು ಅದನ್ನು ನೋಡಿ.

ಬೋರ್ಡನ್ನು ಒಣಗಲು ಬಿಟ್ಟು ಪತ್ರ ಹಿಡಿದು ಹೊರಟ. ಬೀದಿಯಲ್ಲಿ ನಡೆಯುವುದು ಅವನಿಗೆ ಯಾವಾಗಲೂ ಸ್ವಲ್ಪ ಅಪಾಯದ ಕೆಲಸ. ಎಡಕ್ಕೂ ಬಲಕ್ಕೂ ತಾನೇ ಬರೆದ ಬೋರ್ಡುಗಳು, ಪ್ರತಿಯೊಂದರಲ್ಲೂ ತನಗೆ ಮಾತ್ರ ಗೊತ್ತಿರುವ ಒಂದು ತಪ್ಪು. ಕನ್ನಡಕದಂಗಡಿಯ ಕೊನೆಯ ಅಕ್ಷರ ಜಾಗ ಸಾಲದೆ ಕುತ್ತಿಗೆ ಒತ್ತಿಕೊಂಡಿದೆ. ಅದನ್ನು ಬರೆಯುತ್ತಿದ್ದ ದಿನ ಮನೆಯಿಂದ ಫೋನು ಬಂದಿತ್ತು, ಮಗುವಿಗೆ ಜ್ವರ, ಬೇಗ ಬನ್ನಿ ಎಂದು. ಅಕ್ಷರ ಮುಗಿಸಿಯೇ ಹೋಗಿದ್ದ. ಹೋಗುವಷ್ಟರಲ್ಲಿ ಅವಳೇ ಆಸ್ಪತ್ರೆಗೆ ಒಯ್ದು, ಇಂಜೆಕ್ಷನ್ ಕೊಡಿಸಿ, ಮನೆಗೆ ತಂದು ಮಲಗಿಸಿ, ಬಟ್ಟೆ ಒಗೆಯುತ್ತಿದ್ದಳು. ಜಗಳ ಮಾಡಿದ್ದರೆ ಚೆನ್ನಾಗಿತ್ತು. ಊಟಕ್ಕೆ ಏಳ್ರೀ ಎಂದಳು. ಆ 'ರೀ' ಯಾವಾಗ ಬಿದ್ದುಹೋಯಿತು ಎಂದು ಅವನು ಎಷ್ಟು ಯೋಚಿಸಿದರೂ ನೆನಪಾಗುತ್ತಿರಲಿಲ್ಲ. ಈಗಲೂ 'ನೀವು' ಎಂದೇ ಕರೆಯುತ್ತಿದ್ದಳು, ಮರ್ಯಾದೆಗೆ ಎಳ್ಳಷ್ಟೂ ಕೊರತೆಯಿರಲಿಲ್ಲ, ಆದರೆ ಮಾತು ನೇರವಾಗಿ ಶುರುವಾಗಿ ನೇರವಾಗಿ ಮುಗಿಯುತ್ತಿತ್ತು. ಬ್ಯಾಂಕಿನವರು ಗಿರಾಕಿಯ ಜೊತೆ ಮಾತಾಡುವುದೂ ಹಾಗೆಯೇ.

ನೋಟರಿಯ ಕೋಣೆ ಔಷಧದಂಗಡಿಯ ಮೇಲಿನ ಮಹಡಿಯಲ್ಲಿತ್ತು. ತಾಯಿ ಮಗಳು ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಮಗಳು ಅವನನ್ನು ಕಂಡು, "ಅಪ್ಪಾ, ಮೂಗಿಗೇನಾಯ್ತು?" ಎಂದಳು. ದೊಡ್ಡ ಮನುಷ್ಯನ ಮುಖ ಬಾಗಿಲಲ್ಲೇ ಕಳಚಿ ಬಿತ್ತು. ನೋಟರಿ ವಯಸ್ಸಾದ ಹೆಂಗಸು, ಬಿಳಿ ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಿದವರು, ಮಾತಿಗೆ ಮುಂಚೆ ಮೇಜಿನ ಮೇಲಿನ ಸೀಲು, ಶಾಯಿ ಪ್ಯಾಡು, ಗುಂಡುಸೂಜಿ ಎಲ್ಲವನ್ನೂ ಒಂದು ಸಾಲಿಗೆ ತಂದು ನಿಲ್ಲಿಸಿದರು. ಆ ಶಿಸ್ತು ಅವನಿಗೆ ಹಿಡಿಸಿತು. ಗುರುತಿನ ಚೀಟಿ ಕೊಟ್ಟ. ಮೊದಲು ತಮ್ಮ ರಿಜಿಸ್ಟರಿನಲ್ಲಿ, ಆಮೇಲೆ ಪತ್ರದಲ್ಲಿ ಸಹಿ ಮಾಡಬೇಕು ಎಂದು ಅವರು ಪೆನ್ನು ಮುಂದೆ ತಳ್ಳಿದರು. ಅವನು ತೋಳು ಸ್ವಲ್ಪ ಮೇಲೆ ಸರಿಸಿ, ಉಸಿರು ಹಿಡಿದು, ಕಂಬ ನಿಲ್ಲಿಸಿ, ಅಕ್ಷರ ಬಗ್ಗಿಸಿ, ಗಟ್ಟಿ ಗೆರೆ ಎಳೆದ. ಇಷ್ಟು ಚೆನ್ನಾಗಿ ಮನೆಯಲ್ಲೂ ಬಂದಿರಲಿಲ್ಲ. ಮಗಳು ನೋಡಿದಳೇ ಎಂದು ಓರೆಗಣ್ಣಿನಿಂದ ನೋಡಿದ. ಮಗಳು ಸೀಲಿನ ಹಿಡಿಯನ್ನು ನೋಡುತ್ತಿದ್ದಳು.

ನೋಟರಿ ಚೀಟಿಯನ್ನು ಒಮ್ಮೆ, ರಿಜಿಸ್ಟರನ್ನು ಒಮ್ಮೆ ನೋಡಿದರು. "ಇದು ಯಾರ ಸಹಿ?"

"ನಂದೇ ಮೇಡಂ."

"ಹಾಗಿದ್ರೆ ಇದು ಯಾರದ್ದು?" ಎಂದು ಚೀಟಿ ತಿರುಗಿಸಿ ತೋರಿಸಿದರು. ಅಲ್ಲಿ ಯೌವನದ ಬಳ್ಳಿ ಸುರುಳಿ ಬಿಟ್ಟುಕೊಂಡು ನಗುತ್ತಿತ್ತು.

"ಅದೂ ನಂದೇ. ಹಳೇದು."

"ಒಂದಕ್ಕೊಂದು ಸಂಬಂಧಾನೇ ಇಲ್ವಲ್ರೀ. ಇದರಲ್ಲಿ ಇರೋ ಹಾಗೇ ಹಾಕಿ."

ಅಷ್ಟೇ ತಾನೇ? ಅವನಿಗೆ ನಗು ಬಂತು. ಯಾವ ಅಕ್ಷರವನ್ನು ಬೇಕಾದರೂ ತದ್ರೂಪವಾಗಿ ಇಳಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಚೀಟಿಯನ್ನು ಎದುರಿಗಿಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಪೆನ್ನನ್ನೇ ಅಡ್ಡ ಹಿಡಿದು ಅಳತೆ ತೆಗೆದುಕೊಂಡು, ಬಳ್ಳಿಯ ಒಂದೊಂದೇ ತಿರುವನ್ನು ನಿಧಾನವಾಗಿ ಇಳಿಸಿದ. ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ನೋಟರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಸಹಿ ಹಾಕ್ಲಿಲ್ಲ, ಚಿತ್ರ ಬರೆದ್ರಿ. ಇಷ್ಟು ವರ್ಷದಿಂದ ಈ ಕುರ್ಚೀಲಿ ಕೂತಿದ್ದೀನಿ. ಬೇರೆಯವರ ಸಹಿ ನಕಲು ಮಾಡೋರು ಹೀಗೇ ಕೈ ಇಡೋದು. ತನ್ನ ಸಹೀನ ಇಷ್ಟು ಸರಿಯಾಗಿ ಯಾರೂ ಹಾಕಲ್ಲ."

"ಮೇಡಂ, ನಾನು ಬೋರ್ಡ್ ಬರೆಯೋನು. ಅದು ಕೈಯ ಅಭ್ಯಾಸ..."

"ಒಂದೊಂದು ಸಲ ಒಂದೊಂದು ಥರ ಹಾಕೋದಾ?"

"ಹೌದು ಆಂಟಿ," ಎಂದಳು ಮಗಳು ಬೆಂಚಿನಿಂದ ಎದ್ದು, ಅಪ್ಪನ ಪರ ವಕಾಲತ್ತಿಗೆ ನಿಂತವಳಂತೆ. "ಅಪ್ಪ ಯಾವಾಗ್ಲೂ ಹಾಗೇ. ನನ್ನ ಮಾರ್ಕ್ಸ್ ಕಾರ್ಡಲ್ಲೂ ಪ್ರತಿ ಸಲ ಬೇರೆ ಬೇರೆ. ನಾನೇ ಹಾಕ್ಕೊಂಡಿದ್ದೀನಿ ಅಂತ ಟೀಚರ್ ಒಂದ್ಸಲ ನನ್ನನ್ನ ಕ್ಲಾಸಿಂದ ಹೊರಗೆ ನಿಲ್ಸಿದ್ರು."

ಮಾರ್ಕ್ಸ್ ಕಾರ್ಡುಗಳು ಅವನಿಗೆ ಚೆನ್ನಾಗಿ ನೆನಪಿದ್ದವು. ಒಂದರಲ್ಲಿ ಸಹಿಯ ಕೊನೆಗೆ ಒಂದು ಪುಟ್ಟ ಹಕ್ಕಿಯನ್ನು ಕೂರಿಸಿ, ಮಗಳಿಗೆ ತೋರಿಸಿ, ಹೇಗಿದೆ ಎಂದು ಕೇಳಿದ್ದ. ಚೆನ್ನಾಗಿದೆ ಅಪ್ಪಾ ಎಂದಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನೀನು ಬಂದು ಟೀಚರ್‌ಗೆ ಅಕ್ಷರದ ಮೇಲೆ ಭಾಷಣ ಮಾಡ್ತಿದ್ದೆ."

ಅವಳ ಅಮ್ಮ ನಗು ಬಂದದ್ದನ್ನು ತಡೆದುಕೊಂಡು ಕಿಟಕಿಯ ಕಡೆ ತಿರುಗಿದಳು. ನಕ್ಕಿದ್ದರೇ ವಾಸಿಯಿತ್ತು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎಂದುಕೊಂಡ, ಆದರೆ ಕೆಳಗೆ ಔಷಧದಂಗಡಿ ಇದ್ದದ್ದು ನೆನಪಾಗಿ ಆ ಆಸೆಯನ್ನೂ ಬಿಟ್ಟ. ಅದಕ್ಕಿಂತ ದೊಡ್ಡ ಹೆದರಿಕೆ ಆಗ ಒಳಗೆ ಹೊಕ್ಕಿತ್ತು. ಶುಕ್ರವಾರ ವಿಮಾನ ಹೊರಡುವ ಹೊತ್ತಿಗೆ ಮಗಳು ಪೆಟ್ಟಿಗೆ ಹಿಡಿದುಕೊಂಡು ಯಾವುದೋ ಗಾಜಿನ ಗೋಡೆಯ ಈಚೆ ನಿಂತಿರುವುದು ಕಣ್ಣಿಗೆ ಕಟ್ಟಿತು. ಮತ್ತೆ ಹೊರಗೆ ನಿಲ್ಲಿಸಿದರು, ಮತ್ತೆ ಇದೇ ಕೈಯ ದೆಸೆಯಿಂದ. "ಮೇಡಂ, ಕಳಿಸೋಕೆ ನನ್ನ ಒಪ್ಪಿಗೆ ಇದೆ. ಪೂರ್ತಿ ಒಪ್ಪಿಗೆ ಇದೆ," ಎಂದ. ಧ್ವನಿ ಏರಿದ್ದು ಅವನಿಗೇ ಕೇಳಿಸಿತು. ಇಷ್ಟು ವಾರ ಯಾರಾದರೂ ಬಂದು ಕೇಳಲಿ ಎಂದು ಬಚ್ಚಿಟ್ಟುಕೊಂಡಿದ್ದ ಒಪ್ಪಿಗೆಯನ್ನು ಈಗ ಕೈಯೊಡ್ಡಿ ಹಿಡಿದು, ದಯವಿಟ್ಟು ತಗೊಳ್ಳಿ ಎಂದು ಬೇಡುತ್ತಿದ್ದ.

"ಒಪ್ಪಿಗೆ ಇದೆ ಅನ್ನೋ ನೀವು ಯಾರು ಅನ್ನೋದೇ ಈಗ ಪ್ರಶ್ನೆ," ಎಂದರು ನೋಟರಿ.

"ಇವರೇ ಮೇಡಂ," ಎಂದಳು ಮಗಳ ಅಮ್ಮ. "ನಾನು ಹೇಳ್ತಿದ್ದೀನಲ್ಲ. ಇವರನ್ನ ನಾನು ಚೆನ್ನಾಗಿ ಬಲ್ಲೆ."

ಬೇರೆಯಾಗುವ ಮುಂಚೆ ಒಂದು ಸಂಜೆ ಇವಳೇ ಬಾಗಿಲಿಗೆ ಒರಗಿ, ಇಷ್ಟು ವರ್ಷ ಆದ್ರೂ ನೀವು ಎಂಥ ಮನುಷ್ಯ ಅಂತ ನನಗೆ ಅರ್ಥ ಆಗ್ಲಿಲ್ಲ, ಎಂದಿದ್ದಳು. ಈಗ ಸರ್ಕಾರದ ಸೀಲಿನ ಮುಂದೆ ಇಷ್ಟು ಸಲೀಸಾಗಿ ಬಲ್ಲೆ ಎಂದಳಲ್ಲ. ಕೃತಜ್ಞತೆ ಬರುವ ಜಾಗದಲ್ಲಿ ಅವನಿಗೆ ಸ್ವಲ್ಪ ಸಿಟ್ಟೇ ಬಂತು.

"ನೀವು ಹೇಳಿದ್ರೆ ನಡೆಯಲ್ಲಮ್ಮ. ಮಗೂನ ಕರ್ಕೊಂಡು ಹೋಗೋರೇ ನೀವು. ಇವರನ್ನ ಬಲ್ಲ ಬೇರೆ ಯಾರಾದ್ರೂ ಬಂದು, ಇವರು ಇವರೇ ಅಂತ ಸಾಕ್ಷಿ ಹಾಕಿದ್ರೆ ಮಾಡಿಕೊಡ್ತೀನಿ. ಊರಲ್ಲಿ ಯಾರೂ ಇಲ್ವಾ ನಿಮ್ಮನ್ನ ಬಲ್ಲೋರು?"

"ಅಯ್ಯೋ, ಊರಿಗೆ ಊರೇ ಬಲ್ಲದು," ಎಂದು ಎದ್ದ. ಮಗಳೂ ಹಿಂದೆಯೇ ಮೆಟ್ಟಿಲಿಳಿದಳು. ಔಷಧದಂಗಡಿಯವನು ಬೋರ್ಡಿನ ಗಿರಾಕಿ. ಹಸಿರು ಅಕ್ಷರಕ್ಕೆ ಬಿಳಿ ನೆರಳು ಕೊಟ್ಟು ಬರೆದುಕೊಟ್ಟಿದ್ದ. ಅವನು ಎಲ್ಲವನ್ನೂ ಕೇಳಿ, ಗಲ್ಲ ಕೆರೆದು, "ನೀವು ಆರ್ಟಿಸ್ಟು ಅಂತ ಗೊತ್ತು ಸಾರ್. ಆದ್ರೆ ನೀವು ಅನ್ನೋದು ನೀವೇ ಅಂತ ನಾನು ಹೇಗೆ ಬರೆದುಕೊಡ್ಲಿ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದು ತಲೆನೋವಿನ ಗುಳಿಗೆ ಕೇಳಿದವರ ಕಡೆ ತಿರುಗಿದ. ಕನ್ನಡಕದಂಗಡಿಯಲ್ಲಿ ಯಜಮಾನರಿರಲಿಲ್ಲ. ಅದರಾಚೆಯ ದರ್ಜಿ ಅವನನ್ನು ಸೈಕಲ್ ರಿಪೇರಿಯವನ ತಮ್ಮ ಎಂದು ತಿಳಿದು ಬಹಳ ಹೊತ್ತು ಆತ್ಮೀಯವಾಗಿ ಮಾತಾಡಿದ. ಇಡೀ ಬೀದಿಗೆ ಹೆಸರು ಕೊಟ್ಟವನು ತಾನು, ತನ್ನ ಹೆಸರಿಗೆ ಜಾಮೀನು ನಿಲ್ಲಲು ಒಬ್ಬನಿಲ್ಲ ಎಂದು ಒಂದು ಭಾರಿ ದುಃಖವನ್ನು ಎತ್ತಿಕೊಳ್ಳಲು ನೋಡಿದ. ಆದರೆ ಪಕ್ಕದಲ್ಲಿ ಮಗಳು, "ಯೋಚ್ನೆ ಮಾಡಪ್ಪ, ಯಾರ ಹತ್ರ ನೀನು ಜಾಸ್ತಿ ಮಾತಾಡ್ತೀಯಾ?" ಎಂದು ಅಂಗಿಯ ತುದಿ ಜಗ್ಗುತ್ತಿದ್ದಳು. ದುಃಖಪಡುವುದಕ್ಕೂ ಪುರುಸೊತ್ತಿರಲಿಲ್ಲ.

ಕ್ಷೌರದಂಗಡಿಯವನು ಗಿರಾಕಿಯಿಲ್ಲದೆ ಕುರ್ಚಿಯಲ್ಲಿ ತಾನೇ ಕೂತು ಕಾಲು ಚಾಚಿಕೊಂಡಿದ್ದ. ವಿಷಯ ಅರ್ಧ ಕೇಳುತ್ತಲೇ ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ನೋಟರಿಯ ಎದುರು ನಿಂತು, "ಇವರನ್ನ ಗೊತ್ತಾ ಅಂತೀರಾ? ಇವರ ಮುಖಕ್ಕಿಂತ ತಲೆ ಹಿಂಭಾಗ ನನಗೆ ಚೆನ್ನಾಗಿ ಗೊತ್ತು. ಬಲಗಿವಿ ಹಿಂದೆ ಒಂದು ಮಚ್ಚೆ ಇದೆ, ಬೇಕಾದ್ರೆ ನೋಡ್ಕೊಳ್ಳಿ," ಎಂದ. ನೋಟರಿ ನಿಜವಾಗಿಯೂ ಎದ್ದು ಬಂದು ಕಿವಿಯನ್ನು ಮುಂದಕ್ಕೆ ಮಡಚಿ ನೋಡಿದರು. ಮಗಳ ಅಮ್ಮನನ್ನು ಕೇಳಿದ್ದರೆ ಮಚ್ಚೆ ಇದೆಯೆಂದು ಕೂತಲ್ಲಿಂದಲೇ ಹೇಳುತ್ತಿದ್ದಳು. ಹೆಸರು, ವಾಸದ ಬೀದಿ, ಎಷ್ಟು ಕಾಲದ ಪರಿಚಯ, ಎಲ್ಲವನ್ನೂ ಕ್ಷೌರದಂಗಡಿಯವನು ತಡವರಿಸದೆ ಹೇಳಿದ. ರಿಜಿಸ್ಟರಿನಲ್ಲಿ ತನ್ನ ಸಹಿ ಹಾಕಿ, ಪೆನ್ನು ಮುಚ್ಚಿಟ್ಟು, ಖುಷಿಯಿಂದ ಹುಡುಗಿಯ ಕಡೆ ತಿರುಗಿದ. "ಓಹೋ, ದಿನಾ ರಾತ್ರಿ ಅಪ್ಪಂಗೆ ಫೋನ್ ಮಾಡೋ ಮಗಳು ಇವಳೇನಾ? ನಿಮ್ಮಪ್ಪ ಬಂದು ಕೂತ್ರೆ ಸಾಕು, ನಿನ್ನ ಮಾತೇ ಕಣಮ್ಮಾ. ಫೋನ್ ಇಡೋಕೇ ಬಿಡಲ್ವಂತೆ ನೀನು?"

ಅವನ ಮೈ ಕಾವಲಿಯ ಮೇಲಿಟ್ಟಂತಾಯಿತು. ಮಗಳು ದಿನಾ ಫೋನು ಮಾಡುತ್ತಿರಲಿಲ್ಲ. ವಾರಕ್ಕೊಮ್ಮೆ ಮಾಡುವುದೂ ಅಮ್ಮ ನೆನಪಿಸಿದ ಮೇಲೆ ಎಂದು ಅವನಿಗೆ ಗೊತ್ತಿತ್ತು. ಫೋನಿನಲ್ಲಿ ಹಿಂದಿನಿಂದ ಅಮ್ಮನ ಧ್ವನಿ ಕೇಳಿಸುತ್ತಿತ್ತು. ಕ್ಷೌರದ ಕುರ್ಚಿಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತಾಗ, ಎದುರಿನ ಕನ್ನಡಿಯಲ್ಲಿ ಒಂದು ತಲೆ ಮಾತ್ರ ಕಾಣುವಾಗ, ಏನಾದರೊಂದು ಹೇಳಬೇಕೆನಿಸಿ ಹೇಳಿದ ಕಥೆ ಅದು. ಒಂದು ಸಲ ಹೇಳಿದ ಮೇಲೆ ಪ್ರತಿ ತಿಂಗಳೂ ಅದನ್ನು ಸಾಕಬೇಕಾಯಿತು. ಈಗ ಅವಳ ಅಮ್ಮ ಅವನನ್ನೇ ನೋಡುತ್ತಿದ್ದಳು. ಅವನು ತನ್ನ ಚಪ್ಪಲಿಯ ಮೇಲೆ ಬಿದ್ದ ನೀಲಿ ಬಣ್ಣದ ಹನಿಯನ್ನು ನೋಡತೊಡಗಿದ.

"ಹೌದು ಅಂಕಲ್," ಎಂದಳು ಮಗಳು. "ದಿನಾ ಮಾಡ್ತೀನಿ."

ಸುಳ್ಳು ಹೇಳಿದ ಕುರುಹು ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ. ಎಷ್ಟು ನೀಟಾಗಿ ಹೇಳಿದಳೆಂದರೆ, ಒಂದು ಗಳಿಗೆ ಅವನಿಗೇ ಆ ಫೋನುಗಳೆಲ್ಲ ಬಂದಿದ್ದವೇನೋ ಎನಿಸಿತು. ಮುದ್ದು, ನಾಚಿಕೆ, ಅಳು ಒಟ್ಟಿಗೆ ನುಗ್ಗಿ ಬಂದವು. ಈ ಹುಡುಗಿಗಾಗಿ ಪ್ರಾಣ ಬೇಕಾದರೂ ಕೊಡುತ್ತೇನೆ ಎಂದುಕೊಂಡ. ಪ್ರಾಣವನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದು ಒಂದು ಸಹಿ, ಅದನ್ನೇ ನೆಟ್ಟಗೆ ಕೊಡಲು ಆಗಿರಲಿಲ್ಲ. ಕ್ಷೌರದಂಗಡಿಯವನು, ಗಿರಾಕಿ ಬಂದಿರ್ತಾರೆ, ಎಂದು ಅವಳ ತಲೆ ತಟ್ಟಿ ಇಳಿದುಹೋದ.

ನೋಟರಿ ಪತ್ರವನ್ನು ಎದುರಿಗೆ ಎಳೆದುಕೊಂಡರು. "ಪೂರ್ತಿ ಓದಿದ್ದೀರಾ?"

"ಓದಿದ್ದೀನಿ ಮೇಡಂ."

"ಹಾಗಿದ್ರೆ ಇದನ್ನ ಯಾಕೆ ಖಾಲಿ ಬಿಟ್ಟಿದ್ದೀರಿ? ಮಗು ವಾಪಸ್ ಬರೋ ದಿನಾಂಕ ಇಲ್ಲ. ಇದಿಲ್ದೆ ಸೀಲ್ ಹಾಕೋಕಾಗಲ್ಲ."

ಅವನು ಬಗ್ಗಿ ನೋಡಿದ. ಕೊನೆಯ ಸಾಲಿಗೆ ಸ್ವಲ್ಪ ಮುಂಚೆ, ಒಂದು ದಿನಾಂಕ ಹಿಡಿಸುವಷ್ಟು ಬಿಳಿ ಜಾಗ ನಿಜವಾಗಿಯೂ ಇತ್ತು. ಅಂಚಿನ ಅಳತೆ ತಪ್ಪಿದ್ದನ್ನು ಕಂಡುಹಿಡಿದವನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಥಟ್ಟನೆ ಸಂಶಯ ಹೆಡೆಯೆತ್ತಿತು. ಖಾಲಿ! ಬೇಕೆಂದೇ ಬಿಟ್ಟಿದ್ದಾಳೆ. ಅಕ್ಕನ ಮನೆ, ಅಲ್ಲಿಯ ಶಾಲೆ, ಆಮೇಲೆ ಇಲ್ಲೇ ಇದ್ದುಬಿಡ್ತೀವಿ ಎಂದು ಒಂದು ಮೆಸೇಜು. ಆ ಕ್ಷಣ ಅವನಿಗೆ, ನಾಚಿಕೆಪಡಬೇಕಾದ ಮಾತು, ಒಂಥರಾ ಸಮಾಧಾನವೂ ಆಯಿತು. ಕೊನೆಗೂ ನೊಂದ ಮುಖಕ್ಕೆ ಒಂದು ಕಾರಣ ಸಿಕ್ಕಿತ್ತು.

"ಅದನ್ನ ನಾನೇ ಖಾಲಿ ಬಿಡಿಸಿದ್ದು," ಎಂದಳು ಅವಳು. "ಎಲ್ಲಾ ನಾನೊಬ್ಬಳೇ ತೀರ್ಮಾನ ಮಾಡ್ತೀನಿ ಅಂತ ನೀವು ದೂರ್ತಿದ್ರಲ್ಲ. ಶಾಲೆ ಶುರುವಾಗೋಕೆ ಒಂದು ವಾರ ಮುಂಚೆ ವಾಪಸ್ ಬಂದ್ರೆ, ಆ ವಾರ ಪೂರ್ತಿ ಅವಳು ನಿಮ್ಮ ಹತ್ರ ಇರ್ಲಿ ಅಂದ್ಕೊಂಡಿದ್ದೆ. ನಿಮಗೆ ಕೆಲಸ ಹೇಗಿರತ್ತೋ ಏನೋ, ನೀವೇ ನೋಡಿ ಬರೀಲಿ ಅಂತ ಬಿಟ್ಟೆ. ಅದಕ್ಕೇ ಓದಿ ನೋಡಿ ಅಂದಿದ್ದು. ನೀವು ಏನೂ ಹೇಳ್ಲೇ ಇಲ್ಲ."

ಅವನು ಪೆನ್ನು ಕೈಗೆತ್ತಿಕೊಂಡ. ಒಂದು ಪೂರ್ತಿ ವಾರ. ಭಾನುವಾರದ ಚೂರುಗಳಲ್ಲ, ಬೆಳಿಗ್ಗೆ ಎದ್ದಾಗಲೂ ಇರುತ್ತಾಳೆ, ರಾತ್ರಿ ಮಲಗುವಾಗಲೂ ಇರುತ್ತಾಳೆ. ಕೋಣೆಯ ಮೂಲೆಯಲ್ಲಿ ಪೇರಿಸಿದ ಹಳೆಯ ತಗಡುಗಳನ್ನು ತೆಗೆದು ಮಂಚ ಹಾಕಬೇಕು. ಟರ್ಪೆಂಟೈನ್ ವಾಸನೆಗೆ ತಲೆನೋವು ಬಂದೀತು, ಕಿಟಕಿ ರಿಪೇರಿ ಮಾಡಿಸಬೇಕು. ಬೆಳಿಗ್ಗೆ ಏನು ತಿನ್ನುತ್ತಾಳೆ? ಅವಳಿಗೆ ಬೆಳಿಗ್ಗೆ ಏನು ಇ‌ಷ್ಟ ಎಂಬುದೇ ತನಗೆ ಗೊತ್ತಿಲ್ಲ, ಕೇಳಬೇಕು. ಆ ವಾರ ಯಾವ ಬೋರ್ಡಿನ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ. ಎಲ್ಲಿಗಾದರೂ ಕರೆದುಕೊಂಡು ಹೋಗಬಹುದು, ರೈಲಿನಲ್ಲಿ, ತಾನೂ ಹತ್ತಿ. ಇಷ್ಟೆಲ್ಲವನ್ನೂ ಅವನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಕಟ್ಟಿ, ಬಣ್ಣ ಹೊಡೆದು, ಮೊಳೆ ಬಡಿದು ನಿಲ್ಲಿಸಿದ್ದ.

"ಅಪ್ಪಾ," ಎಂದಳು ಮಗಳು. ಪಕ್ಕಕ್ಕೆ ಬಂದು ಮೇಜಿನ ಅಂಚು ಹಿಡಿದುಕೊಂಡಿದ್ದಳು. "ನಿನ್ನ ಹತ್ರ ಒಂದು ಕೇಳ್ಲಾ?"

ಇಷ್ಟು ವಾರ ಕಾದ ಧ್ವನಿ ಅದೇ. ತಗ್ಗಿದ, ಸ್ವಲ್ಪ ನಡುಗುವ, ತನ್ನೊಬ್ಬನಿಂದ ಮಾತ್ರ ಏನೋ ಬೇಕಾಗಿರುವ ಧ್ವನಿ. ಕುಂಚದ ಬದಲು ಪೆನ್ನನ್ನು ಕೆಳಗಿಟ್ಟ. "ಕೇಳು ಮಗಾ."

"ಆ ವಾರಾನೂ ಅಲ್ಲೇ ಇರ್ಲಾ? ಅಣ್ಣಂಗೆ, ದೊಡ್ಡಮ್ಮನ ಮಗ ಇದ್ದಾನಲ್ಲ, ಅವನಿಗೆ ಆ ವಾರಾನೇ ರಜ ಸಿಗೋದು ಅಪ್ಪ. ಅಲ್ಲೀವರೆಗೂ ಕಾಲೇಜಂತೆ. ಸಮುದ್ರದ ಹತ್ರ ಡೇರೆ ಹಾಕ್ಕೊಂಡು ಇರೋಣ, ಈಜು ಕಲಿಸ್ತೀನಿ ಅಂದಿದ್ದಾನೆ. ಶಾಲೆ ಹಿಂದಿನ ದಿನ ಬಂದ್ಬಿಡ್ತೀನಿ. ಅಮ್ಮನ್ನ ಕೇಳಿದ್ರೆ, ಅದು ಅಪ್ಪನ ವಾರ, ಅಪ್ಪನ್ನೇ ಕೇಳು ಅಂದ್ಳು. ಕೇಳೋಕೆ ಭಾನುವಾರ ಎಲ್ಲಾ ಬಾಯಿವರೆಗೂ ಬಂತು ಅಪ್ಪ. ನೀನು ಬೇಜಾರು ಮಾಡ್ಕೋತೀಯೇನೋ ಅಂತ..."

ಮೊದಲು ಸ್ವಲ್ಪ ಮೌನ ಎಂದು ಅಭ್ಯಾಸ ಮಾಡಿದ್ದ. ಮೌನ ತಾನಾಗಿಯೇ ಬಂತು, ಬೇಕಾದ್ದಕ್ಕಿಂತ ಉದ್ದವಾಗಿ. ಯೋಚಿಸಿ ಹೇಳ್ತೀನಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅವಳ ಮುಖ ಆಗಲೇ ಸಣ್ಣಗಾಗತೊಡಗಿತ್ತು. ಅದನ್ನು ನೋಡಲು ಇಷ್ಟು ವಾರ ಆಸೆಪಟ್ಟಿದ್ದವನು ತಾನೇ ಎಂದು ನಂಬಲು ಆಗಲಿಲ್ಲ.

"ಇರು," ಎಂದ. ಪೆನ್ನನ್ನು ಮತ್ತೆ ಎತ್ತಿಕೊಂಡು ಇನ್ನೊಮ್ಮೆ ಹೇಳಿದ. "ಇರು ಮಗಾ. ಶಾಲೆ ಯಾವತ್ತು ಶುರು?"

ಅವಳು ಹೇಳಿದಳು. ಅದರ ಹಿಂದಿನ ದಿನವನ್ನು ಅವನು ಆ ಬಿಳಿ ಜಾಗದಲ್ಲಿ ಬರೆದ. ಅಂಕಿಗಳಿಗೆ ಕಂಬವೂ ಇರಲಿಲ್ಲ, ಬಳ್ಳಿಯೂ ಇರಲಿಲ್ಲ. ಅವಳು ಮೇಜಿನ ಮೇಲೆ ಪೂರ್ತಿ ಬಗ್ಗಿ, ಪಿಸುಮಾತಿನಲ್ಲಿ ಒಂದೊಂದೇ ಅಂಕಿ ಓದಿದಳು, ಸರಿಯಾಗಿದೆಯೇ ಎಂದು ಇನ್ನೊಮ್ಮೆ ಓದಿದಳು. ಓದಿ ಮುಗಿಯುವಷ್ಟರಲ್ಲಿ ಮುಖವೆಲ್ಲ ಅರಳಿ, ನಗು ತಡೆಯಲಾರದೆ ಅಮ್ಮನ ತೋಳನ್ನು ಹಿಡಿದು ಕುಲುಕಿದಳು. ಇಷ್ಟು ವರ್ಷ ಅವನು ಬರೆದ ಯಾವ ಬೋರ್ಡನ್ನೂ ಯಾರೂ ಇಷ್ಟು ಸಂತೋಷದಿಂದ ಓದಿರಲಿಲ್ಲ.